ಬಾಯಿ ಬಿಡದ ತಮ್ಮ

“ಇವನಿಗೆ ನೀರು ಬೇಕಂತೆ!” ಸೂರು ಹಾರಿಹೋಗುವಂತೆ ಕೂಗಿದಳು ಅಕ್ಕ. ತಮ್ಮ ತುಟಿಯನ್ನೇ ಬಿಚ್ಚಿರಲಿಲ್ಲ. ಲೋಟದ ಕಡೆ ನೋಡಿದ್ದನಷ್ಟೆ.

ತಾಯಿ ಹಣೆ ಚಚ್ಚಿಕೊಂಡಳು. “ನೋಡಿದ್ರಲ್ಲ ಮೇಡಂ, ದಿನಾ ಇದೇ ಗೋಳು. ಎರಡು ವರ್ಷ ತುಂಬಿತು, ಅಮ್ಮ ಅನ್ನೋದು ಬಿಟ್ರೆ ಒಂದಕ್ಷರ ಇಲ್ಲ. ಗಂಡುಮಕ್ಕಳು ತಡ, ಸುಮ್ನಿರೇ ಅಂತಾರೆ ನಮ್ಮತ್ತೆ. ನಂಗೆ ನಿದ್ದೆ ಹತ್ತಲ್ಲ.”

ಮಕ್ಕಳ ಮಾತಿನ ಚಿಕಿತ್ಸಕಿ ನಕ್ಕಳು. “ಈ ವಯಸ್ಸಿಗೆ ಎರಡೆರಡು ಪದ ಜೋಡಿಸ್ಬೇಕು. ಕಾಯದೆ ಕರ್ಕೊಂಡು ಬಂದ್ರಲ್ಲ, ಒಳ್ಳೇದಾಯ್ತು.” ಮಕ್ಕಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಗಂಟೆ ಆಡಿಸಿದಳು. ತಮ್ಮ ಗಕ್ಕನೆ ತಿರುಗಿದ. ಅಕ್ಕ ಗೊಂಬೆಗೆ ಬುದ್ಧಿ ಹೇಳುತ್ತಲೇ ಇದ್ದಳು.

“ಇವನ ಕಿವಿ ಚುರುಕಾಗಿದೆ” ಎನ್ನುತ್ತಾ ಚಿಕಿತ್ಸಕಿ ಬೀರುವಿನೊಳಗೆ ತಲೆಹಾಕಿ ಚೆಂಡು ಹುಡುಕಿದಳು. “ಪುಟ್ಟಿ, ನೀನು ಯಾವ ಕ್ಲಾಸು?”

“ತಮ್ಮಂಗೆ ಕೆಂಪು ಚೆಂಡೇ ಬೇಕು!”

“ಎತ್ತು ಏರಿಗೆ, ಕೋಣ ನೀರಿಗೆ!” ತಾಯಿ ನಕ್ಕಳು. “ಮಾತಿನಮಲ್ಲಿ ಮೇಡಂ ಇವಳು. ಈ ವರ್ಷ ಪೂರ್ತಿ ನೆಗಡಿ ಮೇಲೆ ನೆಗಡಿ, ಆದ್ರೂ ಬಾಯಿ ನಿಲ್ಲಲಿಲ್ಲ. ಇದರಲ್ಲಿ ಅರ್ಧ ಅವನಿಗೆ ಬಂದಿದ್ರೆ ಸಾಕಿತ್ತು.”

ಅಕ್ಕನನ್ನು ಪಡಸಾಲೆಗೆ ಕಳಿಸಲಾಯಿತು. ಚಿಕಿತ್ಸಕಿ ಚೆಂಡನ್ನು ಎತ್ತಿ ಹಿಡಿದು ಸುಮ್ಮನೆ ಕುಳಿತಳು. ತಮ್ಮ ಕೈ ಚಾಚಿದ. ಚೆಂಡು ಬರಲಿಲ್ಲ. ಬಾಗಿಲ ಕಡೆ ನೋಡಿದ. ಅವನ ವಕೀಲರು ಹೊರಗಿದ್ದರು. ತಾಯಿ ಬಾಯಿ ಹಾಕಹೋದಳು, ಚಿಕಿತ್ಸಕಿ ಕಣ್ಣಲ್ಲೇ ತಡೆದಳು.

“ತೆಂಡು ಕೊಡು” ಎಂದ ತಮ್ಮ.

ತಾಯಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಅಯ್ಯೋ ಕಳ್ಳಾ! ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ?”

“ಅವನಲ್ಲಿ ಮಾತಿದೆ, ಸರದಿ ಸಿಕ್ಕಿರಲಿಲ್ಲ. ಕೇಳೋವರೆಗೂ ಕೊಡ್ಬೇಡಿ. ಮುಂದಿನ ತಿಂಗಳು ಮತ್ತೆ ನೋಡ್ತೀನಿ.”

ಬದುಕಿದೆಯಾ ಬಡಜೀವವೇ ಎಂದು ತಾಯಿ ಚೀಲ ಹೆಗಲಿಗೇರಿಸಿ ಪಡಸಾಲೆಯ ಬಾಗಿಲಿಗೆ ಬಂದಳು. “ಬಾರೇ, ಹೋಗೋಣ!”

ಅಕ್ಕ ಬೆನ್ನು ಹಾಕಿ ನಿಂತು, ಕಿಟಕಿಯಾಚೆಯ ಬಸ್ಸುಗಳಿಗೆ ಭಾಷಣ ಬಿಗಿಯುತ್ತಿದ್ದಳು. ಮತ್ತೆ ಕರೆದರೂ ಜಪ್ಪಯ್ಯ ಎನ್ನಲಿಲ್ಲ. ತಮ್ಮ ಓಡಿಹೋಗಿ ಅವಳ ಫ್ರಾಕು ಜಗ್ಗಿದ. ಆಗ ತಿರುಗಿದಳು.

“ಮನೇಲೂ ಇವನೇ ಹೋಗಿ ಎಳೀತಾನಾ?” ಚಿಕಿತ್ಸಕಿ ಕೇಳಿದಳು.

“ಹೂಂ, ಕರೆದಾಗೆಲ್ಲ. ಇವಳದು ಬರೀ ಮೊಂಡು. ಟೀವಿ ಬೇರೆ ಬೀದಿಗೆಲ್ಲ ಕೇಳೋ ಹಾಗೆ ಹಾಕ್ತಾಳೆ.”

ಚಿಕಿತ್ಸಕಿ ಕುರ್ಚಿಯನ್ನು ಮತ್ತೆ ತಾಯಿಯ ಕಡೆ ಸರಿಸಿದಳು.

“ಕೂತ್ಕೊಳ್ಳಿ ಅಮ್ಮ. ಹೆದರ್ಬೇಡಿ, ವಾಸಿಯಾಗೋ ತೊಂದರೇನೇ ಇರಬಹುದು. ಆದ್ರೆ ಅದು ಮೊಂಡಲ್ಲ, ನಿಮ್ಮ ಮಗಳಿಗೆ ಕಿವಿ ಸರಿಯಾಗಿ ಕೇಳ್ತಿಲ್ಲ.”