ಭಾವಿ ಅಳಿಯನ ಸಲಿಕೆ

ಜನವರಿಯ ಗಾಳಿಗಾಲ, ಶನಿವಾರ, ಬೆಳಗಿನ ಏಳು ಗಂಟೆ. ಮರಳುಗಾಡಿನ ಬಂದರು ಲೂಡೆರಿಟ್ಸ್ ಊರಾಚೆ, ಜರ್ಮನರು ಕಟ್ಟಿ ಬಿಟ್ಟುಹೋದ ಗಣಿಮನೆಯೊಂದರ ಮುಂದೆ ಫಿಲೆಮೊನ್ ಕೈಕಟ್ಟಿ ನಿಂತಿದ್ದ. ಸಾಲೋಮೆಯನ್ನು ಮದುವೆಗೆ ಕೇಳಲೆಂದು ಎರಡು ದಿನ ಬಸ್ಸಿನಲ್ಲಿ ಕೂತು ಉತ್ತರದಿಂದ ಬಂದವನು. ನಾಳೆ ಭಾನುವಾರ ಹೊರಡಬೇಕು. ಆ ಗಣಿಮನೆಗಳನ್ನು ನೋಡಿಕೊಳ್ಳುವ ಅವಳಪ್ಪ ಗೊಟ್‌ಫ್ರೀಡ್ ಇನ್ನೂ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ಮುದುಕ ಮರಳು ತುಂಬಿದ ಕೈಗಾಡಿಯನ್ನು ಹೊಸ್ತಿಲ ಬಳಿ ನಿಲ್ಲಿಸಿ ಬೆವರೊರೆಸಿಕೊಂಡ. ಒಳಗೆ ನೀಲಿ ಕೋಣೆಯಲ್ಲಿ ಮೊಣಕಾಲುದ್ದ ಮರಳು.

"ನಾಲ್ಕು ದಿನದಿಂದ ಇದೇ ಗೋಳು. ಗಾಳೀನ ನಂಬ್ಕೊಂಡು ಕೂತ್ರೆ ಆಗಲ್ಲಪ್ಪ. ಹತ್ತಕ್ಕೆ ಹಡಗಿನ ಜನ ನೋಡಕ್ಕೆ ಬರ್ತಾರೆ."

"ನಾನು ಕೈ ಹಾಕ್ಲಾ ಮಾಮ?"

"ನೀನಾ? ಸಜ್ಜೆ ಕುಟ್ಟೋದು ಬಿಟ್ರೆ ನಿಮ್ಮ ಕಡೆಯವ್ರಿಗೆ ಇನ್ನೇನು ಬರುತ್ತೆ?"

ಅಷ್ಟಂದು, ಗಾಳಿಗೆ ಬಿದ್ದ ಬೇಲಿ ಎತ್ತಿ ಕಟ್ಟಲು ಮುದುಕ ಹೋದ.

ಫಿಲೆಮೊನ್ ಅಂಗಿ ಬಿಚ್ಚಿದ. ಮೊದಲು ಕೈಗಾಡಿಯನ್ನು ದೂರ ಒಯ್ದು ಬರಿದು ಮಾಡಿದ. ಆಮೇಲೆ ಸಲಿಕೆ ಹಿಡಿದವನು ಸೊಂಟ ನೆಟ್ಟಗೆ ಮಾಡಲಿಲ್ಲ. ಕಿಟಕಿಯಿಂದ ಎಸೆದದ್ದನ್ನೆಲ್ಲ ಗಾಳಿ ಎತ್ತಿಕೊಂಡು ಹೋಯಿತು. ಒಂಬತ್ತೂವರೆಗೆ ನೆಲದ ಹಲಗೆ ಕಂಡಿತು. ಅದನ್ನೂ ಅಂಗಿಯಿಂದ ಒರೆಸಿದ.

ಗೊಟ್‌ಫ್ರೀಡ್ ಬಂದು ಬಾಗಿಲಲ್ಲಿ ನಿಂತ. ನೆಲ ನೋಡಿದ, ಹುಡುಗನನ್ನು ನೋಡಿದ, ಹೊಸ್ತಿಲ ಮೇಲೆ ಕುಕ್ಕರಿಸಿದ.

"ಒಬ್ನೇ ಮಾಡ್ದಾ?"

"ಹೂಂ ಮಾಮ."

"ಎರಡೂವರೆ ಗಂಟೇಲಿ?"

"ಹೂಂ ಮಾಮ. ನಾಳೆ ನಾನು ಹೊರಡ್ಬೇಕು, ಅದಕ್ಕೇ..."

ಪ್ರವಾಸಿಗರನ್ನು ಕರೆತಂದ ಉಸ್ತುವಾರಿಯ ಎರ್ನಾ ಒಳಗೆ ಇಣುಕಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಹಡಗಿನವರನ್ನು ಪಕ್ಕದ ಮನೆಗೆ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು.

"ಇನ್ನೊಂದು ಹಡಗು ಬುಧವಾರ ಬರುತ್ತೆ ಗೊಟ್‌ಫ್ರೀಡಣ್ಣ," ಅಂದಳು ಹೇಗೋ.

ಮುದುಕ ಗಡ್ಡ ಕೆರೆದುಕೊಂಡ.

"ಹುಡುಗೀನ ಕೊಡ್ತೀನಿ ಕಣೋ. ಇಂಥ ರಟ್ಟೆ ಬೇರೆ ಮನೆಗೆ ಹೋಗ್ಬಾರ್ದು. ಆದ್ರೆ ನಾಳೆ ಬಸ್ಸು ಮರೆತುಬಿಡು."

ಫಿಲೆಮೊನ್ ಊರಿಗೆ ಹೊರಟಿದ್ದು ಬುಧವಾರ: ಮರಳು ತುಂಬಿದ ಮನೆ ನೋಡಲೆಂದೇ ಚೀಟಿ ಕೊಂಡು ಬರುವ ಜನರಿಗಾಗಿ ಮಾವ ನಾಲ್ಕು ದಿನ ಹೊತ್ತು ತಂದು ಸುರಿದಿದ್ದಷ್ಟು ಮರಳನ್ನು, ಕೈಗಾಡಿ ಕೈಗಾಡಿಯಾಗಿ ಮತ್ತೆ ಒಳಗೆ ತುಂಬಿಟ್ಟ ಮೇಲೆ.