ಘಟ್ಟ ಇಳಿಯುವ ಮೊದಲು

ಕುಲ್ಸುಮ್ ಬುರ್ಖಾ ತೊಟ್ಟು, ಗ್ರಂಥಾಲಯದ ಕಾದಂಬರಿಯನ್ನು ಚೀಲಕ್ಕೆ ತುರುಕಿ, ಬಾಗಿಲಿಗೆ ಬೀಗ ಹಾಕಬೇಕು ಅನ್ನುವಷ್ಟರಲ್ಲಿ ಓಣಿಯ ಬಾಯಿಗೆ ಒಂದು ಲಾರಿ ಬಂದು ನಿಂತಿತು. ಇಳಿದವನು ಸದಾಶಿವ. ಬನವಾಸಿ ಕಡೆಯ ಡ್ರೈವರ್, ಅದೇ ಕೆಲಸದಲ್ಲಿದ್ದು ತೀರಿಹೋದ ಗಂಡ ಅಬ್ದುಲ್ ಗಫೂರನ ಗೆಳೆಯ. ಮಣ್ಣಿಗೆ ಬಂದು ಹೋದವನು ಆಮೇಲೆ ಯಲ್ಲಾಪುರದ ಈ ಓಣಿಗೆ ತಲೆ ಹಾಕಿರಲಿಲ್ಲ.

“ನಿಮ್ಮ ಇದ್ದತ್ತಿನ ನಾಕು ತಿಂಗಳು ಹತ್ತು ದಿನ ಮುಗಿಯೂತನಕಾ ಗಂಡಸರು ಯಾರೂ ಹೋಗಬಾರ್ದಂತ ನಮ್ಮ ಡ್ರೈವರ್ ಶಾಕಿರಣ್ಣ ಹೇಳಿದ್ರು. ಅದಕ್ಕ ಎಲ್ರೂ ತಡಕೊಂಡ್ವಿ,” ಎಂದ. ಆಳೆತ್ತರದ ಗಂಡಸು ಅಂಗಳದಲ್ಲಿ ನಿಂತು ಟವೆಲ್ ಹಿಂಡುತ್ತಿದ್ದ. “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಒಂದು ಮಾತು ಕೇಳೂದಿತ್ತು. ಆ ಕಾದಂಬರ್ಯಾಗಿನ ಹೆಣ್ಮಗಳ ಗಂಡ ಮನಿಗೆ ಬಂದ್ನೇನ್ರಿ?”

ಬೀಗ ಕೈಯಲ್ಲೇ ಉಳಿಯಿತು. ಗಫೂರ್ ಉರ್ದು ಶಾಲೆಯಲ್ಲಿ ಕಲಿತವನು. ಕನ್ನಡ ಮಾತಾಡಲು ಕೂತರೆ ಎದುರಿನವರು ಸೋಲಬೇಕು, ಓದಲು ಮಾತ್ರ ಬಾರದು. ಅವನು ಊರಲ್ಲಿದ್ದ ಬೆಳಿಗ್ಗೆಗಳಲ್ಲಿ ಚಹಾದ ಜೊತೆ ಅವಳೇ ಕಾದಂಬರಿ ಓದಿ ಹೇಳುತ್ತಿದ್ದಳು. ಎದೆನೋವೆಂದು ಮಲಗಿದವನು ಏಳಲಿಲ್ಲ, ಪುಸ್ತಕ ಅರ್ಧಕ್ಕೇ ನಿಂತಿತು. ಕೇಳುವ ಕಿವಿಯೇ ಇಲ್ಲದ ಮೇಲೆ ಯಾರಿಗೆಂದು ಓದುವುದು? ಇದನ್ನು ಇವತ್ತು ಹಿಂದಿರುಗಿಸಿಬಿಟ್ಟರೆ ಬದುಕಿರುವ ತನಕ ಕಾದಂಬರಿಯ ಸಹವಾಸವೇ ಬೇಡ ಎಂದುಕೊಂಡೇ ಹೊರಟಿದ್ದಳು.

“ಆ ಕತೆ ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ದ ಏನ್ರಿ! ಅರಬೈಲ್ ಘಟ್ಟ ಇಳಿಯೋ ಮುಂದ ಬ್ರೇಕ್ ನೋಡ್ಕೊಳ್ಳಾಕ ಗಾಡಿ ನಿಲ್ಲಿಸ್ತೀವಲ್ರಿ, ಅಲ್ಲಿ ಗಫೂರಣ್ಣ ಕತಿ ಹೇಳ್ತಿದ್ರು. ಆಕಿ ಗಂಡ ನಮ್ಮಂಗ ಡ್ರೈವರ್. ಮಂಗಳೂರಾಗ ಲೋಡ್ ಸಿಗಲಿಲ್ಲ, ಮುಂದ ಆಕ್ಸೆಲ್ ಕಟ್ಟಾತು, ಆಮ್ಯಾಲೆ ಕಾಮಣಿ ಬ್ಯಾನಿ ಆಗಿ ಅಂಕೋಲಾದಾಗ ಮಲಗಿದ. ಅಲ್ಲಿಗೆ ನಿಂತೈತಿ ನೋಡ್ರಿ. ಈಗ ಎದುರು ಗಾಡಿ ಸಿಕ್ಕ್ರ ಸಾಕು, ‘ಬಂದ್ನೇನೋ ಅವಾ?’ ಅಂತ ನಮ್ಮ ನಮ್ಮೊಳಗ ಕೇಳೂದ ಆಗೇತಿ.”

ಎಲಾ ಇವರ! ಪುಸ್ತಕದಲ್ಲಿರುವ ಗಂಡ ಶಾಲಾ ಮಾಸ್ತರು. ಸಾಯುವುದು ಮೊದಲನೇ ಪುಟದಲ್ಲೇ. ಉಳಿದದ್ದೆಲ್ಲ ಅವನಿಲ್ಲದೆ ಅವಳು ಹೇಗೆ ಬಾಳಿದಳು ಎಂಬುದು. ಆ ಸಾವನ್ನು ಓದಿದಾಗ ಗಫೂರ್ ಕಣ್ಣೊರೆಸಿಕೊಂಡದ್ದನ್ನು ಕುಲ್ಸುಮ್ ಕಂಡಿದ್ದಳು.

“ಅವನಿಗೆ ಬೇರೆ ಏನಾದ್ರೂ ಆಯ್ತು ಅಂತ ಅವರು ಹೇಳಲಿಲ್ವಾ?”

ಸದಾಶಿವ ನಾಲಿಗೆ ಕಚ್ಚಿಕೊಂಡ. “ಛೇ, ಬಿಡ್ತು ಅನ್ರಿ. ಘಟ್ಟ ಇಳಿಯೋ ಮುಂದ ಅಂಥಾ ಮಾತು ನಾವು ಯಾರೂ ಆಡಂಗಿಲ್ಲ. ಕತ್ಯಾಗೂ ಆಡಂಗಿಲ್ಲ.”

“ಮತ್ತೆ ಆ ಹೆಂಡತಿ?”

ಅವನ ಮುಖ ಅರಳಿತು. “ಗಟ್ಟಿಗಿತ್ತಿರೀ ಆಕಿ! ಸಿಟ್ಟು ಬಂತಂದ್ರ ಕನ್ನಡ ಬಿಟ್ಟು ಉರ್ದುದಾಗ ಬೈತಾಳ. ಚಾಳೀಸು ನೆತ್ತಿಮ್ಯಾಲಿಟ್ಕೊಂಡು ಮನಿತುಂಬ ಹುಡುಕ್ತಾಳ. ಆಕಿ ಕಡೆ ಬೈಸ್ಕೊಳ್ಳಾಕಂತನ ಗಂಡ ಮನಿಗೆ ಲಗೂನ ಬರ್ತಿದ್ನಂತ.”

ಕುಲ್ಸುಮಳ ಕೈ ಕನ್ನಡಕ ತಡಕುತ್ತ ತಾನಾಗಿ ನೆತ್ತಿಗೆ ಹೋಯಿತು. ಯಾ ಅಲ್ಲಾ! ಪುಸ್ತಕದ ಹೆಂಡತಿ ಗಟ್ಟಿಯಾಗಿ ಒಂದು ಮಾತೂ ಆಡದ ಬಡಪಾಯಿ. ಕನ್ನಡದ ಅಕ್ಷರ ಬಾರದ ಗಫೂರ್ ಅವಳನ್ನು ಪಕ್ಕಕ್ಕೆ ಸರಿಸಿ, ತನ್ನ ಹೆಂಡತಿಯನ್ನು ಕೂರಿಸಿಬಿಟ್ಟಿದ್ದ. ಮಾಸ್ತರನನ್ನು ಸಾಯಗೊಡದೆ ತಿಂಗಳುಗಟ್ಟಲೆ ದಾರಿಯಲ್ಲೇ ಇಟ್ಟಿದ್ದ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದರೂ ಇವನು ಇಂಥವನೆಂದು ತನಗೆ ಗೊತ್ತೇ ಇರಲಿಲ್ಲವಲ್ಲ! ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

“ಹೇಳ್ರೀ ಅಕ್ಕಾರ, ಬಂದ್ನಾ?”

“ನೀವೀಗ ಘಟ್ಟ ಇಳೀಬೇಕಾ?”

“ಹೂಂನ್ರಿ, ಇಲ್ಲಿಂದ ಸೀದಾ.”

“ಹಾಗಾದ್ರೆ ಈಗ ಹೇಳೋದಿಲ್ಲ. ಲೋಡ್ ಇಳಿಸಿ, ಘಟ್ಟ ಹತ್ತಿ ಬನ್ನಿ. ಇಲ್ಲೇ ಕೂತು ಮೊದಲನೇ ಪುಟದಿಂದ ಓದ್ತೇನೆ.”

ಸದಾಶಿವ ಅವಳ ಮುಖವನ್ನೇ ನೋಡಿದ. ಅರ್ಥವಾಯಿತೋ ಏನೋ, ತಲೆ ತಗ್ಗಿಸಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಲಾರಿಯತ್ತ ನಡೆದ. ಗಂಡ ಬಂದನೇ ಎಂದು ಮತ್ತೆ ಕೇಳಲಿಲ್ಲ. ಕುಲ್ಸುಮ್ ಚೀಲದಿಂದ ಪುಸ್ತಕ ತೆಗೆದು ಎದೆಗವಚಿಕೊಂಡಳು.

“ಕತೆ ಕೇಳಿದವರನ್ನೆಲ್ಲ ಕರ್ಕೊಂಡು ಬನ್ನಿ,” ಎಂದು ಹಿಂದಿನಿಂದ ಕೂಗಿದಳು. “ಚಹಾ ಮಾಡಿಡ್ತೇನೆ.”

ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಗಾಬರಿಯಿಂದ ತಿರುಗಿದ.

“ಚಾ ಮಾಡಾಕ ಹೋಗಬ್ಯಾಡ್ರಿ ಅಕ್ಕಾರ. ನಾವು ಭಾಳ ಮಂದಿ ಅದೇವಿ.”