ಮೊದಲೇ ಬಂದ ಅಳು

ಚಹಾ ಚೆಲ್ಲುವ ಮೊದಲೇ ದಾಕ್ಷಾ ಕಾಲು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳ ತಾಯಿ ನೀಲವ್ವನ ಕೈಯಿಂದ ಲೋಟ ಜಾರಿತು.

‘ಮುಂಚೇನ ಹೇಳಬಾರದೇನ?’

‘ನನ್ನ ಮೈಗೆ ಗೊತ್ತಾಗತೈತಿ ಬೇ, ನನಗಲ್ಲ.’

ಹಿಮದ ಇಳಿಜಾರಿನಲ್ಲೂ ಹಾಗೇ. ತಿರುವು ಬರುವ ಮೊದಲೇ ಅವಳ ಮೈ ವಾಲುತ್ತದೆ. ಸ್ಕೀ ತಂಡದಲ್ಲಿ ಈಗ ಎಲ್ಲರಿಗೂ ಇಂಜೆಕ್ಷನ್ ಕೊಟ್ಟು, ಆಗುವುದು ಮೈಗೆ ಮೊದಲೇ ತಿಳಿಯುವಂತೆ ಮಾಡುತ್ತಾರೆ. ಶುರುವಿನಲ್ಲಿ ಅರೆಕ್ಷಣ ಮುಂಚೆ. ಬರಬರುತ್ತ ಆ ಅಂತರ ಬೆಳೆಯುತ್ತದೆ. ಹೋದ ತಿಂಗಳು ದಾಕ್ಷಾಳ ಗೆಳತಿ ತಿಂಡಿಗೆ ಕೂತವಳು ಇದ್ದಕ್ಕಿದ್ದಂತೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿದಳು. ಎಲ್ಲರೂ ನಕ್ಕರು. ಸಂಜೆ ಅವಳು ಬಂಡೆಗೆ ಬಡಿದು ಸತ್ತಳು.

ಅದಕ್ಕೇ ನೀಲವ್ವ ಬೆಳಗಾವಿಯಿಂದ ಈ ಬೆಟ್ಟಕ್ಕೆ ಬಂದು ಉಳಿದಿದ್ದಳು. ಬೆಳಗಾದರೆ ಮಗಳ ಕೈಗಳನ್ನೇ ನೋಡುತ್ತಿದ್ದಳು.

ಇಂದು ಸ್ಪರ್ಧೆ. ಕೈಗಳು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದವು. ಮುರಿಯುತ್ತಲೇ ದಾಕ್ಷಾ ಬಿಕ್ಕಿ ಬಿಕ್ಕಿ ಅಳತೊಡಗಿದಳು.

‘ಯಾಕ ಅಳಾಕತ್ತೀ?’

‘ಇನ್ನೂ ಗೊತ್ತಿಲ್ಲ ಬೇ.’

‘ಎಲ್ಲಿ ನೋವು? ತಲೀನೋ, ಕಾಲೋ?’

‘ಎಲ್ಲೂ ಇಲ್ಲ. ಮೈ ಆರಾಮ ಐತಿ.’ ಹೇಳುತ್ತಲೇ ಅವಳು ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಜಗ್ಗಿದಳು. ಬಾಯಿ ತಾನಾಗಿಯೇ ಕೂಗಿತು: ‘ಅವ್ವಾ, ಏಳವ್ವಾ! ಕಣ್ಣು ಬಿಡವ್ವಾ!’

ನೀಲವ್ವ ಒಲೆಯ ಮುಂದೆ ಕಣ್ಣು ಬಿಟ್ಟುಕೊಂಡೇ ನಿಂತಿದ್ದಳು. ಚೆಲ್ಲಿದ ಚಹಾವನ್ನೊಮ್ಮೆ, ಲೋಟ ಹಿಡಿಯಲಾರದ ತನ್ನ ಕೈಯನ್ನೊಮ್ಮೆ ನೋಡಿದಳು. ತಿಂಗಳಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿಯಿತು.

‘ಹಂಗಾರ ನಿನಗೇನೂ ಆಗಂಗಿಲ್ಲ,’ ಎಂದು ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.